ಎಲ್ಲರದೂ ಹದಿನೆಂಟೇ ಉಸಿರು

ಹಾಸನ ಸೀಮೆಯಲ್ಲಿ ಮುನ್ನೆಚ್ಚರಿಕೆಗೆ ಬರ ಅಂತ ಯಾರಾದರೂ ಅಂದರೆ, ಅವರನ್ನು ಮಳೆಗಾಲದಲ್ಲಿ ಒಂದು ದಿನ ನಮ್ಮ ಕೊಣನೂರಿಗೆ ಕರೆತಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಬೇಕು. ಟೀ ಆರುವಷ್ಟರಲ್ಲಿ ಮೂರು ಮೊಬೈಲು ಕುಂಯ್‌ಗುಟ್ಟುತ್ತವೆ. ಮೊದಲನೆಯದು: ಹಾರಂಗಿಯಿಂದ ನೀರು ಬಿಟ್ಟಿದ್ದಾರೆ, ಹೊಳೆ ದಂಡೆಯವರು ದನಕರು ಸಮೇತ ಮೇಲಕ್ಕೆ ಬನ್ನಿ. ಎರಡನೆಯದು: ಮೋಡ ಮುಚ್ಚಿಕೊಂಡಿದೆ, ಆಲೂಗೆಡ್ಡೆಗೆ ಅಂಗಮಾರಿ ಬರುವ ಹವೆ, ಔಷಧಿ ಹೊಡೆಯಿರಿ. ಮೂರನೆಯದು ಆಲೂರು ಕಡೆಯ ನೆಂಟರು ಕಳಿಸಿದ್ದು: ಒಂಟಿ ಸಲಗ ಕಾಫಿ ತೋಟದಿಂದ ರಸ್ತೆಗೆ ಇಳಿದಿದೆ, ಸ್ಕೂಟರ್‌ನವರು ಹುಷಾರು. 2018 ಮತ್ತು 2019ರಲ್ಲಿ ಕಾವೇರಿ ಪಕ್ಕದ ರಾಮನಾಥಪುರದ ಮನೆಗಳಿಗೆ ನುಗ್ಗಿದ ಮೇಲಂತೂ ಹೊಳೆ ಒಂದು ಗೇಣು ಏರಿದರೂ ನಮಗೆ ಸುದ್ದಿ ಬರುತ್ತದೆ.

ಆನೆಗಳ ವಿಚಾರದಲ್ಲಿ ಜಿಲ್ಲೆ ಇನ್ನೂ ಮುಂದಿದೆ. ಹೆಣ್ಣಾನೆಗಳ ಕೊರಳಿಗೆ ರೇಡಿಯೋ ಕಾಲರ್ ಕಟ್ಟಿದ್ದಾರೆ, ಒಂದೊಂದು ಗುಂಪಿಗೂ ಹೆಸರಿಟ್ಟಿದ್ದಾರೆ. ಬೀಟಮ್ಮನ ಗುಂಪು ಎಲ್ಲಿದೆ, ಭುವನೇಶ್ವರಿಯ ಗುಂಪು ಯಾವ ಕಡೆ ಹೊರಟಿತು ಅಂತ ಸಕಲೇಶಪುರದ ಸ್ಕೂಲು ಹುಡುಗನೂ ಹೇಳಬಲ್ಲ. ಆನೆ ಕಾರ್ಯಪಡೆಯವರು ಚಳಿ ಮಳೆ ಅನ್ನದೆ ಹಿಂದೆ ಹಿಂದೆಯೇ ತಿರುಗುತ್ತಾರೆ. ಬೀಟಮ್ಮ ಮರಿ ಹಾಕಿದರೆ ಅವಳು ನಿಂತಳೋ ಕೂತಳೋ ಅಂತ ನೋಡಲು ಜನ ಇದ್ದಾರೆ. ನನಗೆ ಆನೆಗಳ ಮೇಲೆ ಹೊಟ್ಟೆಕಿಚ್ಚಿಲ್ಲ. ನಮ್ಮ ತಂಗಿ ಮಗಳಿಗೆ ಹೆರಿಗೆಯಾದ ರಾತ್ರಿ ಮಾತ್ರ, ಈ ಹುಡುಗಿಗೂ ಒಂದು ಕಾಲರ್ ಕಟ್ಟಿದ್ದರೆ ಚೆನ್ನಾಗಿತ್ತು ಅಂತ ಒಂದು ಗಳಿಗೆ ಅನ್ನಿಸಿದ್ದು ನಿಜ.

ಆಸ್ಪತ್ರೆಗಳಿಗೆ ಮುನ್ನೆಚ್ಚರಿಕೆ ವ್ಯವಸ್ಥೆ ಇಲ್ಲ ಅಂತ ಹೇಳುತ್ತಿಲ್ಲ. ಇದೆ. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ ‘ಮಿಯಾವ್ಸ್’ ಅಂತಾಗುತ್ತದೆ. ಸಾಕ್ಷಾತ್ ಬೆಕ್ಕಿನ ಕೂಗು. ತಾಯಂದಿರ ಸಾವುಗಳನ್ನು 1952ರಿಂದ ಒಂದೊಂದಾಗಿ ಬಿಡಿಸಿ ನೋಡುತ್ತ ಬಂದ ಬ್ರಿಟನ್ನಿನವರು, 2007ರಲ್ಲಿ ಹೊರತಂದ ವರದಿಯಲ್ಲಿ ಒಂದು ಮಾತು ಬರೆದರು: ಈ ಹೆಂಗಸರಲ್ಲಿ ಬಹಳಷ್ಟು ಜನ ಇದ್ದಕ್ಕಿದ್ದಂತೆ ಸಾಯಲಿಲ್ಲ, ಅವರ ಮೈ ಗಂಟೆಗಟ್ಟಲೆ ಮೊದಲೇ ಹೇಳುತ್ತಿತ್ತು, ಯಾರೂ ಕೇಳಿಸಿಕೊಳ್ಳಲಿಲ್ಲ. ಅದಕ್ಕೇ ಬಸುರಿ ಬಾಣಂತಿಯರಿರುವ ಎಲ್ಲ ಆಸ್ಪತ್ರೆಯಲ್ಲೂ ಈ ಹಾಳೆ ಇರಲಿ ಅಂದರು.

ಹಾಳೆ ಅಂದರೆ ಹಾಳೆಯೇ, ಯಂತ್ರ ಅಲ್ಲ. ಅದರಲ್ಲಿ ಜ್ವರ, ನಾಡಿ, ರಕ್ತದೊತ್ತಡ, ಉಸಿರು, ರಕ್ತದಲ್ಲಿನ ಆಮ್ಲಜನಕ, ಕರೆದರೆ ಓಗೊಡುತ್ತಾಳೋ ಇಲ್ಲವೋ, ಇಂಥವಕ್ಕೆಲ್ಲ ಒಂದೊಂದು ಸಾಲು. ಮಾಮೂಲು ಇದ್ದರೆ ಬಿಳಿ ಮನೆ, ಸ್ವಲ್ಪ ಎಡವಟ್ಟಾದರೆ ಹಳದಿ, ಮಿತಿ ದಾಟಿದರೆ ಕೆಂಪು. ಉಸಿರು ನಿಮಿಷಕ್ಕೆ 30 ದಾಟಿತೋ 10ಕ್ಕಿಂತ ಇಳಿಯಿತೋ, ಕೆಂಪು. ನಾಡಿ 120 ದಾಟಿದರೆ ಕೆಂಪು. ಮೇಲಿನ ಬಿಪಿ 90ಕ್ಕಿಂತ ಕೆಳಗೋ 160ಕ್ಕಿಂತ ಮೇಲೋ ಹೋದರೆ ಕೆಂಪು. ಒಂದು ಕೆಂಪು, ಇಲ್ಲವೇ ಎರಡು ಹಳದಿ ಬಿದ್ದರೆ ಡಾಕ್ಟರನ್ನು ಕರೆಯಬೇಕು. ಅಷ್ಟೇ. ಚೌಕಾಬಾರ ಆಡಲು ಬರುವವರಿಗೆ ಇದೂ ಬರುತ್ತದೆ.

ಬೆಕ್ಕು ಅಡ್ಡ ಬಂದರೆ ಮದುವೆ ದಿಬ್ಬಣವನ್ನೇ ನಿಲ್ಲಿಸಿ, ನೀರು ಕುಡಿದು, ಕೂತು, ಎದ್ದು ಹೋಗುವ ಜನ ನಾವು. ಹಲ್ಲಿ ಲೊಚಗುಟ್ಟಿದರೆ ಸಾಲದ ಪತ್ರಕ್ಕೆ ಸಹಿ ಹಾಕುವುದಿಲ್ಲ. ಬುಡಬುಡಿಕೆಯವನು ಬೆಳಗಿನ ಜಾವ ಬಂದು ಹಾಲಕ್ಕಿ ನುಡೀತೈತೆ ಅಂದರೆ ಮೊರ ತುಂಬ ರಾಗಿ ಸುರಿಯುತ್ತೇವೆ. ಇಷ್ಟೆಲ್ಲ ಶಕುನ ನಂಬುವ ನಮ್ಮ ನಡುವೆ ಈ ಒಂದು ಬೆಕ್ಕು ಮಾತ್ರ ಮಿಯಾವ್ ಅಂತ ಅರಚಿಕೊಂಡರೂ ಯಾರ ಕಾಲೂ ನಿಲ್ಲುವುದಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅನ್ನುವುದು ಹಳೆಯ ಕಥೆ. ಇಲ್ಲಿ ಬೆಕ್ಕೇ ಗಂಟೆ. ಕಿವಿ ಕೊಡುವವರು ಬೇಕಾಗಿದ್ದಾರೆ.

ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆ ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಉಳಿದ ಆಸ್ಪತ್ರೆಗಳಿಗೆಲ್ಲ ನೆಮ್ಮದಿಯಾಗಿಬಿಡುತ್ತದೆ.

ಮಧ್ಯಾಹ್ನ ಹೆರಿಗೆಯಾಯಿತು. ಗಂಡು ಮಗು, ಎರಡೂಮುಕ್ಕಾಲು ಕೆಜಿ. ಪೇಟೆಯಿಂದ ಮೈಸೂರ್‌ಪಾಕು ಬಂತು, ಆಯಾಗೆ ಕೊಡುವುದು ಕೊಟ್ಟಾಯಿತು. ಬಾಣಂತಿಯ ಜೊತೆಗೆ ಒಬ್ಬರೇ ಇರಬೇಕು ಅಂದದ್ದಕ್ಕೆ ನಮ್ಮ ದೊಡ್ಡವ್ವ ಒಳಗೆ ಮಂಚದ ಪಕ್ಕ ಚಾಪೆ ಹಾಸಿಕೊಂಡರು, ನಾನು ಹೊರಗೆ ಕಾರಿಡಾರಿನಲ್ಲಿ. ರಾತ್ರಿ ಎಂಟಕ್ಕೆ ಊಟದ ಡಬ್ಬಿ ಕೊಡುವ ನೆಪದಲ್ಲಿ ಒಳಗೆ ಹೋದಾಗ, ಮಂಚದ ತುದಿಗೆ ನೇತುಹಾಕಿದ್ದ ಕೇಸ್‌ ಶೀಟಿನ ಮೇಲೆ ಕಣ್ಣು ಬಿತ್ತು. ಉಸಿರಿನ ಸಾಲಿನಲ್ಲಿ ನಾಲ್ಕು ಗಂಟೆಗೆ 18. ಎಂಟು ಗಂಟೆಗೆ 18. ರಾತ್ರಿ ಹನ್ನೆರಡಕ್ಕೆ 18. ಬೆಳಗಿನ ನಾಲ್ಕಕ್ಕೂ 18.

ವಾಚು ನೋಡಿಕೊಂಡೆ. ಎಂಟೂ ಹತ್ತು.

ಮುನ್ನೆಚ್ಚರಿಕೆ ಅಂದರೆ ಇದಪ್ಪ ಅಂದುಕೊಂಡೆ. ಬೆಳಗಿನ ಜಾವ ನಾಲ್ಕಕ್ಕೆ ಹುಡುಗಿ ಎಷ್ಟು ಸಲ ಉಸಿರಾಡುತ್ತಾಳೆ ಅಂತ ಸಂಜೆಯೇ ಗೊತ್ತಿರುವ ವಿಜ್ಞಾನ ಬ್ರಿಟನ್ನಿನವರಲ್ಲೂ ಇಲ್ಲ. ಕುತೂಹಲಕ್ಕೆ ಪಕ್ಕದ ಮಂಚಗಳದ್ದೂ ನೋಡಿದೆ. ಆರು ಮಂಚ, ಆರು ಶೀಟು, ಎಲ್ಲರದೂ ಹದಿನೆಂಟೇ ಉಸಿರು. ಆರನೆಯ ಮಂಚದವಳು ಸಂಜೆಯೇ ಬಿಡುಗಡೆಯಾಗಿ ಮನೆಗೆ ಹೋಗಿದ್ದಳು. ಅವಳ ಖಾಲಿ ಹಾಸಿಗೆಯೂ ಹದಿನೆಂಟರ ಲೆಕ್ಕದಲ್ಲಿ ಸಮಾಧಾನವಾಗಿ ಉಸಿರಾಡುತ್ತಿತ್ತು.

ಇದು ನನ್ನ ಕಣ್ಣಿಗೆ ಮಾತ್ರ ಬಿದ್ದ ಕಳ್ಳತನ ಅಂತ ತಿಳಿಯಬೇಡಿ. ಜಗತ್ತಿನ ಎಲ್ಲ ಕಡೆ ನರ್ಸಿಂಗ್ ಪಾಠ ಹೇಳುವವರು ಗೋಳಾಡುವುದೇ ಇದಕ್ಕೆ. ನಾಡಿಗೆ ಯಂತ್ರವಿದೆ, ಬಿಪಿಗೆ ಯಂತ್ರವಿದೆ. ಉಸಿರನ್ನು ಮಾತ್ರ ಮನುಷ್ಯನೇ ಹತ್ತಿರ ನಿಂತು, ಎದೆ ಏರಿಳಿಯುವುದನ್ನು ನೋಡಿ, ಒಂದು ಪೂರಾ ನಿಮಿಷ ಎಣಿಸಬೇಕು. ಆದ್ದರಿಂದ ಅದನ್ನು ಯಾರೂ ಎಣಿಸುವುದಿಲ್ಲ. ತಮಾಷೆಯೆಂದರೆ ಮೈಯೊಳಗೆ ರಕ್ತ ಸೋರುತ್ತಿದ್ದರೂ ನಂಜು ಏರುತ್ತಿದ್ದರೂ ಬೇಗ ಸುಳಿವು ಕೊಡುವವರ ಪೈಕಿ ಉಸಿರೂ ಒಂದು. ಹಿಂದೆ ‘ಬಾಣಂತಿ ಸನ್ನಿ’, ‘ಬಾಣಂತಿ ನಂಜು’ ಅಂತ ಹೆದರುತ್ತಿದ್ದ ಹೆಂಗಸರು ಬಾಣಂತಿಯ ಉಸಿರಿನ ಮೇಲೂ ಕಣ್ಣಿಟ್ಟಿರುತ್ತಿದ್ದರು.

ಸಿಸ್ಟರನ್ನು ಕೇಳಿದೆ. ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ, ಗುತ್ತಿಗೆ ನೌಕರಿ. ಸಿಟ್ಟಾಗಲಿಲ್ಲ. “ನಲವತ್ತು ಬೆಡ್ ಸಾರ್. ಒಬ್ಬೊಬ್ರಿಗೆ ಒಂದೊಂದು ನಿಮಿಷ ಉಸಿರೆಣಿಸಿದ್ರೆ ನಲವತ್ತು ನಿಮಿಷ ಅದಕ್ಕೇ ಹೋಯ್ತು. ಆಮೇಲೆ ಇಂಜೆಕ್ಷನ್ ಯಾರು ಕೊಡೋದು? ರಿಜಿಸ್ಟರ್ ಹನ್ನೊಂದಿದಾವೆ, ಅವನ್ನ ಯಾರು ಬರೆಯೋದು? ಬೆಳಗ್ಗೆ ರೌಂಡ್ಸಿಗೆ ಬಂದೋರು ಕಾಲಂ ಖಾಲಿ ಇದ್ಯಾ ಅಂತ ನೋಡ್ತಾರೆ, ಬಾಣಂತಿ ನೋಡಲ್ಲ.”

ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಕಾರಿಡಾರಿನಲ್ಲಿ ಕೂತು ನಾನು ಯೋಚಿಸುತ್ತಿದ್ದದ್ದು ಹೊಗೆಸೊಪ್ಪಿನ ಬಗ್ಗೆ. ನಮ್ಮ ಕಡೆಯವರಿಗೆ ಇದು ತಿಳಿಸಿ ಹೇಳಬೇಕಿಲ್ಲ. ರಾಮನಾಥಪುರದ ಹರಾಜು ಮಾರುಕಟ್ಟೆಗೆ ಸೊಪ್ಪು ಹಾಕುವ ಮನೆಯವರೆಲ್ಲ ಬ್ಯಾರನ್ ಕಾದವರೇ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಿದ ಮೇಲೆ ಐದಾರು ದಿನ ಹಗಲು ರಾತ್ರಿ ಅದನ್ನು ಬೇಯಿಸಬೇಕು. ಶಾಖ 90ರ ಆಸುಪಾಸಿನಲ್ಲಿ ಶುರುವಾಗಿ, ಸೊಪ್ಪು ಹಳದಿಗೆ ತಿರುಗಿದ ಮೇಲೆ ಹಂತ ಹಂತವಾಗಿ ಏರಿ, ಕೊನೆಗೆ ದಂಟು ಒಣಗುವಾಗ 160 ಮುಟ್ಟಬೇಕು, ಫ್ಯಾರನ್‌ಹೀಟ್‌ನಲ್ಲಿ. ನಡುವೆ ಒಂದು ಸಲ ಧಗ್ಗನೆ ಏರಿತೋ, ಸೊಪ್ಪು ಕಪ್ಪಾಗಿ ಗ್ರೇಡು ಬಿದ್ದುಹೋಗುತ್ತದೆ. ಒಂದು ಎಲೆ ಕಳಚಿ ಕಾದ ಕೊಳವೆ ಮೇಲೆ ಬಿದ್ದರೆ ಬ್ಯಾರನ್ನೇ ಬೂದಿ. ಅದಕ್ಕೇ ಗಾಜಿನ ಕಿಂಡಿಯೊಳಗೆ ಥರ್ಮಾಮೀಟರ್ ಇಟ್ಟು, ಕಂಬಳಿ ಹೊದ್ದು, ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡುತ್ತ ಒಬ್ಬ ಕೂತಿರುತ್ತಾನೆ. ಏರಿದ್ದು ಕಂಡರೆ ಎದ್ದು ಒಲೆಯಿಂದ ಸೌದೆ ಹಿರಿದು ಹಾಕುತ್ತಾನೆ. ಗೌಡರಿಗೆ ಫೋನ್ ಮಾಡಿ ‘ಸೌದೆ ಹಿರೀಲಾ ಬ್ಯಾಡ್ವಾ’ ಅಂತ ಕೇಳುವುದಿಲ್ಲ. ಕೇಳುತ್ತ ಕೂತರೆ ಮಾರನೇ ದಿನ ಗೌಡರೇ ಅವನನ್ನು ಬ್ಯಾರನ್ನಿಗೆ ಏರಿಸುತ್ತಾರೆ.

ಮಿಯಾವ್ಸ್ ಅಂದರೆ ಇಷ್ಟೇ. ಒಬ್ಬರು ಎದ್ದಿರಬೇಕು, ಅಂಕಿ ಕಣ್ಣೆದುರು ಇರಬೇಕು, ಅಂಕಿ ತಪ್ಪಿದರೆ ಸೌದೆ ಹಿರಿಯುವ ಅಧಿಕಾರ ನೋಡಿದವನ ಕೈಯಲ್ಲೇ ಇರಬೇಕು. ಸೇದಿ ಬಿಸಾಡುವ ಸೊಪ್ಪಿಗೆ ನಾವು ಇಷ್ಟನ್ನೂ ಮಾಡಿಟ್ಟಿದ್ದೇವೆ.

ರಾತ್ರಿ ಒಂದೂವರೆಗೆ ದೊಡ್ಡವ್ವ ಬಾಗಿಲಿಗೆ ಬಂದರು. “ಮಗಾ, ಹುಡ್ಗಿ ಕಾಲ್ ಹೆಬ್ಬೆಟ್ಟು ತಣ್ಣಗದೆ ಕಣ್ಲಾ. ಉಸ್ರು ಬಿರ್ರನೆ ಓಡ್ತದೆ, ನಾಯಿ ತೇಕ್ದಂಗೆ. ಯಾರಿಗಾರ ಯೋಳು.”

ಶೀಟಿನಲ್ಲಿ ಹನ್ನೆರಡು ಗಂಟೆಯ 18 ಹಾಗೇ ಇತ್ತು. ಸಿಸ್ಟರ್ ಬಂದಳು. ಈ ಸಲ ಮೊಬೈಲಿನಲ್ಲಿ ನಿಮಿಷ ಹಿಡಿದು, ತುಟಿ ಅಲ್ಲಾಡಿಸುತ್ತ ಎಣಿಸಿದಳು. 34. ನಾಡಿ 126. ಮೇಲಿನ ಬಿಪಿ 88. ಹೊದಿಕೆ ಎತ್ತಿ ನೋಡಿದರೆ ಕೆಳಗಿನ ಬಟ್ಟೆ ಹಿಂಡುವ ಹಾಗಿತ್ತು. ಮೂರು ಕೆಂಪು ಒಟ್ಟಿಗೆ. ಹೆರಿಗೆಯ ನಂತರದ ರಕ್ತಸ್ರಾವ ಜೋರಾದರೆ ಸಾವಿಗೆ ಮೊದಲು ಸಿಗುವ ಬಿಡುವು ಎರಡು ಗಂಟೆಯ ಆಸುಪಾಸು ಅಂತ ಹೆರಿಗೆ ಪುಸ್ತಕಗಳು ಹೇಳುತ್ತವೆ. ಅದರಲ್ಲಿ ಎಷ್ಟು ಕಳೆದಿತ್ತೋ ಯಾರಿಗೆ ಗೊತ್ತು, ಹದಿನೆಂಟರ ಕೆಳಗೆ ಎಲ್ಲ ಮುಚ್ಚಿಹೋಗಿತ್ತು.

ಡಾಕ್ಟರು ಫೋನನ್ನು ಮೊದಲನೆಯ ಸಲ ಎತ್ತಲಿಲ್ಲ. ಎರಡನೆಯ ಸಲ, “ಡ್ರಿಪ್ ಹಾಕು, ಬಿಪಿ ಮತ್ತೆ ನೋಡಿ ಹೇಳು.” ಮೂರನೆಯ ಸಲ ಸ್ಪೀಕರಿನಲ್ಲೇ ಕೇಳಿಸಿತು: “ನೀನು ಡಾಕ್ಟರೋ ನಾನು ಡಾಕ್ಟರೋ?” ಆ ವೈದ್ಯರ ಪರವಾಗಿಯೂ ಒಂದು ಮಾತು ಹೇಳಿಬಿಡುತ್ತೇನೆ. ಬೆಳಗ್ಗೆಯಿಂದ ನಾಲ್ಕು ಸಿಸೇರಿಯನ್ ಮಾಡಿ ಹತ್ತೂವರೆಗೆ ಮನೆಗೆ ಹೋಗಿದ್ದವರು ಅವರು. ಅವರ ಬದಲಿಗೆ ಎದ್ದು ಬರಲು ಇನ್ನೊಬ್ಬರನ್ನು ಸರ್ಕಾರ ನೇಮಿಸಿರಲಿಲ್ಲ. ನಿದ್ದೆಗೆಟ್ಟ ಒಬ್ಬರು, ಹೆದರಿದ ಒಬ್ಬರು, ನಡುವೆ ಒಂದು ಫೋನು. ಇಷ್ಟನ್ನು ನಾವು ‘ತುರ್ತು ವ್ಯವಸ್ಥೆ’ ಅಂತ ಕರೆಯುತ್ತೇವೆ.

ಸಿಸ್ಟರ್ ನಾಲ್ಕನೆಯ ಫೋನನ್ನು ಎರಡು ಮೆಟ್ಟಿಲು ಹಾರಿ ದೊಡ್ಡ ಡಾಕ್ಟರಿಗೇ ಮಾಡಿದಳು. ಕೈ ನಡುಗುತ್ತಿತ್ತು, ದನಿ ನಡುಗಲಿಲ್ಲ. ಇಪ್ಪತ್ತು ನಿಮಿಷಕ್ಕೆ ಇಬ್ಬರೂ ಬಂದರು. ಬಂದ ಮೇಲೆ ಕೆಲಸ ಚೆನ್ನಾಗಿಯೇ ಮಾಡಿದರು, ಅದನ್ನು ಮುಚ್ಚಿಡಬಾರದು. ಬೆಳಕು ಹರಿಯುವಷ್ಟರಲ್ಲಿ ಮೂರು ಬಾಟಲು ರಕ್ತ ಏರಿತ್ತು. ಹುಡುಗಿ ಕಣ್ಣು ಬಿಟ್ಟು “ಅಮ್ಮಾ, ಬಾಯಾರ್ತದೆ” ಅಂದಳು.

ವಾರದ ಮೇಲೆ ಸಿಸ್ಟರಿಗೆ ಮೆಮೋ ಬಂತಂತೆ. ಕರ್ತವ್ಯದಲ್ಲಿದ್ದ ವೈದ್ಯರ ಗಮನಕ್ಕೆ ತಾರದೆ ಮೇಲಧಿಕಾರಿಗಳಿಗೆ ನೇರವಾಗಿ ಫೋನ್ ಮಾಡಿದ್ದಕ್ಕೆ ವಿವರಣೆ ಕೊಡತಕ್ಕದ್ದು. ಬೆಕ್ಕು ಅಡ್ಡ ಬಂದದ್ದಕ್ಕೆ ಬೆಕ್ಕಿಗೇ ನೋಟಿಸು.

ಇದು ಒಂದು ವಾರ್ಡಿನ ಕಥೆ ಅಂತ ನೀವು ಉಸಿರು ಬಿಡುವ ಮೊದಲು (ಎಣಿಸಿಕೊಳ್ಳಿ, ಹದಿನೆಂಟೇ ಇರುತ್ತದೆ) ಬಳ್ಳಾರಿಯನ್ನು ನೆನೆಸಿಕೊಳ್ಳಿ. 2024ರ ನವೆಂಬರಿನಲ್ಲಿ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ಪಶ್ಚಿಮ ಬಂಗಾಳದ ಕಂಪನಿಯೊಂದು ಪೂರೈಸಿದ್ದ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ ಅನುಮಾನ ಬಂತು. ಕೆದಕಿದರೆ ತಿಳಿದದ್ದು: ಆ ದ್ರಾವಣದ ಕೆಲವು ಬ್ಯಾಚುಗಳು ಸರಿಯಿಲ್ಲ ಅಂತ ನಮ್ಮ ರಾಜ್ಯದ ಪ್ರಯೋಗಾಲಯ ಮೊದಲೇ ಮಿಯಾವ್ ಅಂದಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಅಂದಿತು. ಇಬ್ಬರಲ್ಲಿ ದೊಡ್ಡವರು ಯಾರು? ಕೇಂದ್ರ. ‘ನೀನು ಡಾಕ್ಟರೋ ನಾನು ಡಾಕ್ಟರೋ’ ಎಂಬ ಪ್ರಶ್ನೆ ನಡುರಾತ್ರಿಯ ಫೋನಿನಲ್ಲಿ ಮಾತ್ರ ಕೇಳುವುದಲ್ಲ. ಸರ್ಕಾರಿ ಲೆಟರ್‌ಹೆಡ್ಡಿನಲ್ಲೂ ಕೇಳುತ್ತಾರೆ.

ಮುಂದಿನದು ಇನ್ನೂ ಸೊಗಸು. ಕರ್ನಾಟಕ ಆ ಕಂಪನಿಯನ್ನು ಕಪ್ಪುಪಟ್ಟಿಗೆ ಹಾಕಿ ಡಂಗುರ ಸಾರಿದ ಮೇಲೂ, 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನಿಪುರ ವೈದ್ಯಕೀಯ ಕಾಲೇಜಿನಲ್ಲಿ ಬಾಣಂತಿಯರಿಗೆ ಅದೇ ಕಂಪನಿಯ ದ್ರಾವಣ ಏರಿತು, ಒಬ್ಬಳು ಸತ್ತಳು, ಗದ್ದಲವಾಯಿತು. ನಮ್ಮ ಎಚ್ಚರಿಕೆ ಅಷ್ಟು ದೂರ ಹೋಗಿ ಮುಟ್ಟಲಿಲ್ಲ. ಬೀಟಮ್ಮ ಗಡಿ ದಾಟಿದರೆ ಚಿಕ್ಕಮಗಳೂರಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಬಳ್ಳಾರಿಯ ಸಾವುಗಳ ನಂತರ ಸರ್ಕಾರ ಲೆಕ್ಕ ತೆಗೆಯಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸತ್ತ 464 ತಾಯಂದಿರ ಕಡತಗಳನ್ನು ಬಿಚ್ಚಿ ನೋಡಿದರು, ಶೇ. 70ಕ್ಕೂ ಹೆಚ್ಚು ಸಾವು ತಪ್ಪಿಸಬಹುದಾಗಿತ್ತು ಅಂತ ಬರೆದರು. ‘ತಪ್ಪಿಸಬಹುದಾಗಿತ್ತು’. ಕನ್ನಡ ವ್ಯಾಕರಣದಲ್ಲಿ ಈ ಕ್ರಿಯಾಪದಕ್ಕೆ ಇರುವಷ್ಟು ನೆಮ್ಮದಿ ಇನ್ನಾವುದಕ್ಕೂ ಇಲ್ಲ. ಕರ್ತೃವೇ ಬೇಡ. ಯಾರು ತಪ್ಪಿಸಬಹುದಾಗಿತ್ತು ಅಂತ ವಾಕ್ಯ ಕೇಳುವುದೇ ಇಲ್ಲ.

ಸತ್ತ ಮೇಲೆ ಮಾತ್ರ ನಮ್ಮ ವ್ಯವಸ್ಥೆಯ ಚುರುಕು ನೋಡಬೇಕು. ತಾಯಿ ಸತ್ತರೆ 24 ಗಂಟೆಯೊಳಗೆ ಮೇಲಕ್ಕೆ ವರದಿ ಹೋಗಬೇಕು, ತಡವಾಗುವಂತಿಲ್ಲ. ಸುದ್ದಿ ತಂದ ಆಶಾ ಕಾರ್ಯಕರ್ತೆಗೆ 200 ರೂಪಾಯಿ. ಆಮೇಲೆ ಪುಟಗಟ್ಟಲೆ ನಮೂನೆ: ಎಷ್ಟು ಹೊತ್ತಿಗೆ ಮನೆ ಬಿಟ್ಟಳು, ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಿದಳು, ನಾಡಿ ಎಷ್ಟಿತ್ತು, ಬಿಪಿ ಎಷ್ಟಿತ್ತು, ಉಸಿರು ಎಷ್ಟಿತ್ತು. ಜಿಲ್ಲಾಧಿಕಾರಿಗಳ ಸಭೆ, ಸತ್ತವಳ ಮನೆಯವರಿಗೆ ಕರೆ, ಟೀ ಬಿಸ್ಕತ್ತು. ಬದುಕಿದ್ದಾಗ ಒಂದು ಹಾಳೆ ತುಂಬಿಸಲು ಜನವಿರಲಿಲ್ಲ. ಸತ್ತ ಮೇಲೆ ಕಂತೆ ತುಂಬಿಸಲು ಇಡೀ ಜಿಲ್ಲೆ ಕೂತಿರುತ್ತದೆ. ಬಾಣಂತಿಯ ಉಸಿರಿನ ಬಗ್ಗೆ ನಿಜವಾಗಿ ಯಾರಾದರೂ ವಿಚಾರಿಸಬೇಕಾದರೆ ಆಕೆ ಅದನ್ನು ನಿಲ್ಲಿಸಬೇಕು.

ಈ ಸಾವಿನ ವಿಚಾರಣೆಯನ್ನು ಕೇರಳದವರೂ ಮಾಡುತ್ತಾರೆ. ಅಲ್ಲಿನ ಹೆರಿಗೆ ವೈದ್ಯರ ಸಂಘವೇ 2004ರಿಂದ ಪ್ರತಿ ಸಾವನ್ನೂ ಕೂತು ಓದುತ್ತದೆ. ಒಂದೇ ವ್ಯತ್ಯಾಸ, ಕಾಗದದಿಂದ ಹೆಸರುಗಳನ್ನೆಲ್ಲ ಅಳಿಸಿ ಓದುತ್ತಾರೆ. ಯಾವ ಡಾಕ್ಟರು, ಯಾವ ಆಸ್ಪತ್ರೆ ಅನ್ನುವುದು ಓದುವವರಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಬರೆಯುವವರೂ ನಿಜ ಬರೆಯುತ್ತಾರೆ. ನಾವು ಮೊದಲು ಹೆಸರು ಹುಡುಕುತ್ತೇವೆ, ಸಸ್ಪೆಂಡ್ ಮಾಡಲು ಅನುಕೂಲವಾಗಲಿ ಅಂತ. ಹೆಸರು ಹುಡುಕುವ ಊರಿನಲ್ಲಿ ಅಂಕಿಗಳು ತಮ್ಮಷ್ಟಕ್ಕೆ ತಾವೇ 18 ಆಗುತ್ತವೆ. 2018–20ರ ಮಾದರಿ ನೋಂದಣಿ ವ್ಯವಸ್ಥೆಯ ಪ್ರಕಾರ ಒಂದು ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರು ಸತ್ತರೆ ಕರ್ನಾಟಕದಲ್ಲಿ 69. ತೆಲಂಗಾಣ 43, ಆಂಧ್ರ 45, ತಮಿಳುನಾಡು 54. ದಕ್ಷಿಣದ ಐದರಲ್ಲಿ ನಾವೇ ಮುಂದೆ.

ಹಾಗಂತ ಕರ್ನಾಟಕದವರಿಗೆ ತಲೆಯಿಲ್ಲ ಅಂದುಕೊಳ್ಳಬಾರದು. ತಲೆ ಬೆಳಗಾವಿಯಲ್ಲಿದೆ. ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತು ಅಂತ ಕಣ್ಣಂದಾಜಿನಲ್ಲಿ ಹೇಳಿದರೆ ಯಾವಾಗಲೂ ಕಡಿಮೆಯೇ ಹೇಳುತ್ತಾರೆ. ಅದಕ್ಕೆ ಬೆಳಗಾವಿಯ ಸಂಶೋಧಕರು ಇಪ್ಪತ್ತು ವರ್ಷದ ಹಿಂದೆಯೇ ಒಂದು ಉಪಾಯ ಮಾಡಿದರು. ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಆಲಿಕೆಯಂಥ ಚೀಲ, ಚೀಲದ ಮೇಲೆ ಹಾಲಿನ ಅಳತೆಯ ಹಾಗೆ ಗೀಟು. ರಕ್ತ ಗೀಟು ದಾಟಿದರೆ ಓದಲು ಬಾರದವರಿಗೂ ಕಾಣುತ್ತದೆ. ಇದೇ ಬಗೆಯ ಚೀಲವನ್ನು ಹಿಡಿದುಕೊಂಡು ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ಪ್ರಯೋಗ ಮಾಡಿದರು. ಚೀಲದ ಜೊತೆ ಒಂದು ಕಟ್ಟಳೆ ಇತ್ತು: ಗೀಟು ದಾಟಿದ ಕೂಡಲೇ ಸೂಲಗಿತ್ತಿ ನರ್ಸೇ ಹೊಟ್ಟೆ ನೀವಿ, ಇಂಜೆಕ್ಷನ್ ಕೊಟ್ಟು, ಡ್ರಿಪ್ ಹಾಕಿ, ಎಲ್ಲವನ್ನೂ ಒಟ್ಟಿಗೇ ಮಾಡಬೇಕು, ಯಾರ ಅಪ್ಪಣೆಗೂ ಕಾಯುವಂತಿಲ್ಲ. 2023ರಲ್ಲಿ ಫಲಿತಾಂಶ ಬಂತು. ವಿಪರೀತ ರಕ್ತಸ್ರಾವ ಮತ್ತು ಅದರ ಅನಾಹುತಗಳು ಶೇ. 60ರಷ್ಟು ಇಳಿದಿದ್ದವು. ಬ್ಯಾರನ್ ಕಾಯುವವನಿಗೆ ಹೇಳಿದ್ದರೆ ಪ್ರಯೋಗವಿಲ್ಲದೆ ಒಪ್ಪಿಕೊಳ್ಳುತ್ತಿದ್ದ.

ಅದೇ ಬೆಳಗಾವಿ ಜಿಲ್ಲೆಯ ಗೋಕಾಕದಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಬಿಪಿ ನೋಡುವ ಯಂತ್ರಕ್ಕೇ ಟ್ರಾಫಿಕ್ ದೀಪ ಜೋಡಿಸಿದ್ದರು. ಹಸಿರು, ಹಳದಿ, ಕೆಂಪು. ಗೋಕಾಕ ಸೇರಿ ಹಲವು ದೇಶಗಳ ಹತ್ತು ಊರು, ಐದು ಲಕ್ಷಕ್ಕೂ ಹೆಚ್ಚು ಹೆರಿಗೆ. 2019ರಲ್ಲಿ ಲೆಕ್ಕ ಹಾಕಿದಾಗ, ದೀಪದಿಂದಲೇ ಸಾವು ನೋವು ಇಳಿಯಿತು ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ಕೆಂಪು ದೀಪ ಉರಿಯಿತು, ಸರಿ. ಆಮೇಲೆ ವೈದ್ಯರು, ರಕ್ತ, ಆಂಬುಲೆನ್ಸು ಆಯಾ ಊರಿನ ಪುಣ್ಯ. ನಮ್ಮ ಅಧಿಕಾರಿಗಳಿಗೆ ಇವೆರಡರಲ್ಲಿ ಯಾವುದು ಇಷ್ಟವಾಗುತ್ತದೆ ಅಂತ ಬೇರೆ ಹೇಳಬೇಕೆ? ದೀಪ. ದೀಪಕ್ಕೆ ಟೆಂಡರ್ ಕರೆಯಬಹುದು. ಮಂತ್ರಿಗಳು ಬಂದು ಉದ್ಘಾಟಿಸಬಹುದು. ‘ಯಾರ ಅಪ್ಪಣೆಗೂ ಕಾಯಬೇಡ’ ಎಂಬ ಕಟ್ಟಳೆಗೆ ರಿಬ್ಬನ್ ಎಲ್ಲಿ ಕಟ್ಟುವುದು?

2025ರ ಜೂನ್ ಜುಲೈನಲ್ಲಿ ಹಾಸನದ ಹೆಸರು ದೇಶಕ್ಕೆಲ್ಲ ಗೊತ್ತಾಯಿತಲ್ಲ, ಹೃದಯಾಘಾತದಿಂದ. ಜನ ಬೆಳಗಿನ ಜಾವದಿಂದಲೇ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಸಾಲು ನಿಂತರು. ಎದೆ ಚುರುಕ್ ಅಂದವರು, ಅನ್ನದವರು, ಪಕ್ಕದ ಮನೆಯವನಿಗೆ ಅಂತು ಅಂತ ಬಂದವರು. ಕೊನೆಗೆ ತಜ್ಞರ ಸಮಿತಿ, ಅಂಥ ಅಸಹಜ ಏರಿಕೆಯೇನೂ ಇಲ್ಲ ಅಂತ ವರದಿ ಕೊಟ್ಟಿತು. ಆ ಗಾಬರಿಯಲ್ಲಿ ನಾನೂ ಇಸಿಜಿ ಮಾಡಿಸಿಕೊಂಡೆ, ಸುಳ್ಳು ಯಾಕೆ. ಗಂಡಸರ ಎದೆಗೆ ಸಂಬಂಧಿಸಿದ ಮುನ್ನೆಚ್ಚರಿಕೆ ಅಂದರೆ ಜಿಲ್ಲೆಗೆ ಜಿಲ್ಲೆಯೇ ಎದ್ದು ಬಸ್ಸು ಹತ್ತುತ್ತದೆ. ಬಾಣಂತಿಯ ಎದೆ ಏರಿಳಿಯುವುದನ್ನು ಒಂದು ನಿಮಿಷ ನೋಡಲು ಬಸ್ಸು ಬೇಕಿಲ್ಲ, ಸಾಲು ನಿಲ್ಲಬೇಕಿಲ್ಲ, ಇಸಿಜಿ ಕಾಗದವೂ ಖರ್ಚಾಗುವುದಿಲ್ಲ. ಅದಕ್ಕೇ ಅದಕ್ಕೆ ಬೆಲೆಯಿಲ್ಲವೇನೋ.

ಕೊಣನೂರಿನಿಂದ ಹಾಸನಕ್ಕೆ ಐವತ್ತು ಕಿಲೋಮೀಟರ್ ಆಸುಪಾಸು. 108 ಬಂದು, ಅರಕಲಗೂಡು ದಾಟಿ, ಗುಂಡಿ ಹಾರಿ, ಎಮ್ಮೆ ತಪ್ಪಿಸಿ ಹೋಗುವಷ್ಟರಲ್ಲಿ ಒಂದು ಗಂಟೆಯ ಮೇಲೆ ಬೇಕು. ರಕ್ತಸ್ರಾವ ಕೊಡುವ ಆ ಎರಡು ಗಂಟೆಯ ಬಿಡುವಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ರಸ್ತೆಯೇ ತಿಂದುಹಾಕುವ ಊರಿನಲ್ಲಿ, ಹೆಬ್ಬೆಟ್ಟು ತಣ್ಣಗಾದದ್ದು ಎಷ್ಟು ಗಂಟೆಗೆ ಗೊತ್ತಾಯಿತು ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ನಗರದ ದೊಡ್ಡಾಸ್ಪತ್ರೆಗೆ ಮಿಯಾವ್ಸ್ ಒಂದು ಶೋಭೆ. ಇಂಥ ಕಡೆ ಅದು ಬಸ್ಸಿನ ಟೈಮಿನ ಹಾಗೆ, ತಪ್ಪಿದರೆ ಮುಂದಿನದಿಲ್ಲ.

ಒಂಬತ್ತನೆಯ ದಿನ ನಮ್ಮ ಹುಡುಗಿಯನ್ನು ಬಿಡುಗಡೆ ಮಾಡಿದರು. ನಗು ಮಗು ಗಾಡಿ ಮನೆ ಬಾಗಿಲವರೆಗೂ ಬಿಟ್ಟಿತು. ದೃಷ್ಟಿ ತೆಗೆದು ಒಳಗೆ ಕರೆದುಕೊಂಡ ಮೇಲೆ ದೊಡ್ಡವ್ವ ಬಿಡುಗಡೆ ಚೀಟಿಯನ್ನು ನನ್ನ ಕೈಗೆ ಕೊಟ್ಟು, “ಏನ್ ಬರ್ದವ್ರೆ ಓದ್ಲಾ” ಅಂದರು. ಅವರಿಗೆ ಓದು ಬಾರದು. ಆಸ್ಪತ್ರೆಯಲ್ಲಿದ್ದ ಅಷ್ಟೂ ದಿನ ಮಂಚದ ಪಕ್ಕ ಕೂತು, ಸೆರಗಿನ ತುದಿಗೆ ಗಂಟು ಹಾಕುತ್ತ ಹಾಕುತ್ತ ಉಸಿರು ಎಣಿಸಿದ್ದರು.

ಓದುತ್ತ ಹೋದೆ. ಹೆರಿಗೆ ಸಹಜ. ಮಗು ಆರೋಗ್ಯ. ತಾಯಿಯ ಸ್ಥಿತಿ ತೃಪ್ತಿಕರ. ನಾಡಿ 80. ಬಿಪಿ 120/80. ಮೂರು ಬಾಟಲು ರಕ್ತದ ಸುದ್ದಿ ಎಲ್ಲೂ ಇರಲಿಲ್ಲ. ಉಸಿರು, ನಿಮಿಷಕ್ಕೆ 18.

“ಹದ್ನೆಂಟಾ?” ದೊಡ್ಡವ್ವ ಒಳಗೆ ಮಲಗಿದ್ದವಳ ಕಡೆ ಒಂದು ಸಲ ನೋಡಿ, ಮತ್ತೆ ಚೀಟಿಯ ಕಡೆ ನೋಡಿದರು.

“ಯಾರ್ದು?”